ಕಾಯಿಲೆ ಬಂದು ಹೋದರೆ ಮೈ ಗಟ್ಟಿಯಾಗುತ್ತಾ?

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಯಜಮಾನರ ಕೆಲಸಕ್ಕಾಗಿ ಈಗ ಮೈಸೂರಿನಲ್ಲಿದ್ದೇವೆ. ಮಗನಿಗೆ 8 ತಿಂಗಳು. ಹುಟ್ಟಿದಾಗಿನ ಲಸಿಕೆ, ಆಮೇಲೆ ಒಂದೂವರೆ ತಿಂಗಳಿನದು ಹಾಕಿಸಿದ್ದೆ. ಅವತ್ತು ರಾತ್ರಿ ಜ್ವರ ಬಂತು, ತೊಡೆ ಊದಿ ಗಟ್ಟಿಯಾಯಿತು, ಬೆಳಗಿನ ಜಾವದವರೆಗೂ ಬಿಟ್ಟು ಬಿಟ್ಟು ಅಳುತ್ತಿದ್ದ. ನಮ್ಮತ್ತೆ ‘ಎಳೇ ಮೈಗೆ ಇಷ್ಟೊಂದು ಸೂಜಿ ಬೇಡ’ ಅಂದರು. ಯಜಮಾನರು ‘ಕಾಯಿಲೆ ಬಂದು ಹೋದರೆ ಮೈ ತಾನಾಗೇ ಗಟ್ಟಿಯಾಗುತ್ತೆ, ನಾವೆಲ್ಲ ಮಣ್ಣಲ್ಲಿ ಆಡಿ ಬೆಳೆದಿಲ್ವಾ’ ಅನ್ನುತ್ತಾರೆ. ನಾನೂ ಸುಮ್ಮನಾದೆ. ಈಗ 9 ತಿಂಗಳಿನ ದಡಾರದ ಲಸಿಕೆ ಹತ್ತಿರ ಬರುತ್ತಿದೆ. ಪಕ್ಕದ ಮನೆಯ ಮಗುವಿಗೆ ಅಮ್ಮ ಆಗಿದೆ. ಎದೆಹಾಲು ಕೊಡುತ್ತಿದ್ದೇನೆ, ರಾಗಿ ಸರಿ ತಿನ್ನಿಸುತ್ತಿದ್ದೇನೆ. ಸಹಜವಾಗಿ ಶಕ್ತಿ ಬರಲಿ ಅಂತ ಎರಡು ವರ್ಷ ತುಂಬುವವರೆಗೆ ಕಾದರೆ ತಪ್ಪಾ?

ಉತ್ತರ: ಮೊದಲು ಆ ರಾತ್ರಿಯ ಬಗ್ಗೆ ಮಾತಾಡೋಣ. ನಿಮ್ಮ ನಿರ್ಧಾರ ಬದಲಾಗಿದ್ದು ಆ ರಾತ್ರಿಯಲ್ಲೇ ಅಂತ ನನಗೆ ಅನಿಸುತ್ತದೆ. ಚೆನ್ನಾಗಿ ಆಡಿಕೊಂಡಿದ್ದ ಮಗುವನ್ನು ನಾವೇ ಎತ್ತಿಕೊಂಡು ಹೋಗಿ ಸೂಜಿ ಚುಚ್ಚಿಸಿ, ನಾವೇ ಜ್ವರ ತರಿಸಿದೆವಲ್ಲ ಅನ್ನುವ ಸಂಕಟ ಸಣ್ಣದಲ್ಲ. ನಾನು ಮಕ್ಕಳ ಡಾಕ್ಟರಾಗಿ ಕೆಲಸ ಶುರು ಮಾಡಿದ ಹೊಸದರಲ್ಲಿ ಮಂಡ್ಯದ ಕಡೆಯ ಒಬ್ಬ ತಾಯಿ ಇದೇ ಮಾತು ಹೇಳಿದ್ದರು. ನಾನು ಗದರಿಬಿಟ್ಟೆ. ‘ಓದಿದವರಾಗಿ ಹೀಗೆ ಮಾಡ್ತೀರಲ್ಲ’ ಅಂದೆ. ಅವರು ಏನೂ ಹೇಳದೆ ಎದ್ದು ಹೋದರು, ಮತ್ತೆ ಬರಲೇ ಇಲ್ಲ. ಆ ಮಗುವಿಗೆ ಉಳಿದ ಲಸಿಕೆ ಆಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅವತ್ತಿನಿಂದ ಈ ಪ್ರಶ್ನೆಗೆ ಕೂತು ಉತ್ತರ ಹೇಳಬೇಕು ಅಂತ ತೀರ್ಮಾನ ಮಾಡಿಕೊಂಡೆ.

ಒಂದೂವರೆ ತಿಂಗಳಿಗೆ ತೊಡೆಗೆ ಕೊಡುವ ಒಂದು ಇಂಜೆಕ್ಷನ್ನಿನ ಹೆಸರು ಪೆಂಟಾವೇಲೆಂಟ್. ಪೆಂಟಾ ಅಂದರೆ ಐದು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್, ಈ ಐದಕ್ಕೂ ಒಂದೇ ಸೂಜಿ. ನಮ್ಮ ಸರ್ಕಾರಿ ಲಸಿಕೆಯಲ್ಲಿ ನಾಯಿಕೆಮ್ಮಿನ ಭಾಗಕ್ಕೆ ಆ ರೋಗಾಣುವನ್ನೇ ಸಾಯಿಸಿ ಇಡಿಯಾಗಿ ಹಾಕಿರುತ್ತಾರೆ. ಜ್ವರ, ಊತ, ಅಳು ಇವೆಲ್ಲ ಜಾಸ್ತಿ ಬರುವುದು ಇದರಿಂದಲೇ. ಸತ್ತ ರೋಗಾಣು ರೋಗ ತರಲಾರದು. ಆದರೆ ಮಗುವಿನ ಮೈ ಅದನ್ನು ‘ಹೊರಗಿನವನು’ ಅಂತ ಗುರುತು ಹಿಡಿದು ಕೆಲಸ ಶುರು ಮಾಡುತ್ತದೆ. ಆ ಕೆಲಸದ ಕಾವೇ ಜ್ವರ. ಒಂದೆರಡು ದಿನದಲ್ಲಿ ಇಳಿಯುತ್ತದೆ. ತೊಡೆಯ ಗಂಟು ಕೆಲವು ಮಕ್ಕಳಲ್ಲಿ ವಾರಗಟ್ಟಲೆ ಇದ್ದು ತಾನಾಗೇ ಕರಗುತ್ತದೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಯಾಕಂದರೆ ನಿಮ್ಮ ಪ್ರಶ್ನೆಯ ಬೇರು ಇರುವುದು ಇಲ್ಲಿ. ‘ಲಸಿಕೆ ಬೇಡ, ಸಹಜ ಶಕ್ತಿ ಬರಲಿ’ ಅಂದಾಗ ಇವೆರಡೂ ಬೇರೆ ಬೇರೆ ಅಂತ ನಾವು ಅಂದುಕೊಂಡಿರುತ್ತೇವೆ. ಲಸಿಕೆಯ ಬಾಟಲಿಯೊಳಗೆ ಶಕ್ತಿ ಇರುವುದಿಲ್ಲ. ಅದರಲ್ಲಿರುವುದು ರೋಗಾಣುವಿನ ಗುರುತು ಮಾತ್ರ. ಸತ್ತ ರೋಗಾಣು, ಅದರ ಒಂದು ಚೂರು, ಇಲ್ಲಾಂದ್ರೆ ತೀರಾ ಬಲ ಕುಂದಿಸಿದ ರೋಗಾಣು. ಆ ಗುರುತು ನೋಡಿ ಆಂಟಿಬಾಡಿ ತಯಾರಿಸುವುದು, ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವುದು ಎಲ್ಲ ನಿಮ್ಮ ಮಗನ ರಕ್ತ, ನಿಮ್ಮ ಮಗನ ಮೈ. ಕಾಯಿಲೆ ಬಂದಾಗ ಕೆಲಸ ಮಾಡುವುದೂ ಅದೇ ಮೈ. ಹಾಗಾಗಿ ಸಹಜ ಶಕ್ತಿ ಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಇಲ್ಲಿಲ್ಲ. ಆ ಶಕ್ತಿ ಕಲಿಯುವಾಗ ಮಗುವನ್ನು ಎಷ್ಟು ಅಪಾಯಕ್ಕೆ ಒಡ್ಡಬೇಕು, ಅದಷ್ಟೇ ಪ್ರಶ್ನೆ.

ಯಜಮಾನರ ಮಾತಿಗೆ ಬರುತ್ತೇನೆ. ‘ನಾವೆಲ್ಲ ಬೆಳೆದಿಲ್ವಾ?’ ನಿಜ, ಬೆಳೆದಿದ್ದೀರಿ. ಆದರೆ ಈ ಮಾತು ಹೇಳಲು ಉಳಿದವರು ಬೆಳೆದವರು ಮಾತ್ರ, ಅಲ್ವಾ?

ಮಕ್ಕಳನ್ನು ಕರೆದುಕೊಂಡು ಅಜ್ಜಿಯರು ನನ್ನ ಹತ್ತಿರ ಬಂದಾಗ ನಾನು ಒಂದು ಪ್ರಶ್ನೆ ಕೇಳುತ್ತೇನೆ: ‘ಅಜ್ಜೀ, ನಿಮ್ಮ ತಾಯಿಗೆ ಎಷ್ಟು ಮಕ್ಕಳು?’ ಮಳವಳ್ಳಿ ಕಡೆಯ ಒಬ್ಬರು ಮೊಮ್ಮಗಳನ್ನು ಮಡಿಲಲ್ಲಿ ಇಟ್ಟುಕೊಂಡೇ ಎಡಗೈ ಬೆರಳು ಮಡಚಿ ಎಣಿಸಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಆಮೇಲೆ ಬಲಗೈಗೆ ಹೋದರು. ‘ಹುಟ್ಟಿದ್ದು ಏಳು, ಉಳಿದಿದ್ದು ನಾಲ್ಕು’ ಅಂದರು. ಉಳಿಯದ ಮೂರರಲ್ಲಿ ಒಂದು ಹುಟ್ಟಿದ ವಾರದಲ್ಲೇ ಹೋಯಿತಂತೆ, ಹಾಲು ಕುಡಿಯೋದು ಬಿಟ್ಟು ಮೈ ಸೆಟೆದುಕೊಂಡಿತಂತೆ. ಇನ್ನೊಂದು ದಡಾರ ಎದ್ದು, ಅದು ಇಳಿದ ಮೇಲೆ ಭೇದಿ ಹತ್ತಿ ಹೋಯಿತಂತೆ. ಮೂರನೆಯದಕ್ಕೆ ಏನಾಯಿತು ಅಂತ ಯಾರಿಗೂ ಗೊತ್ತಾಗಲಿಲ್ಲ. ಇಷ್ಟನ್ನೂ ಅವರು ಮಾಮೂಲಿ ಮಾತಿನ ಹಾಗೆ ಹೇಳಿದರು. ಆ ಕಾಲದಲ್ಲಿ ಅದು ಮಾಮೂಲಿಯೇ ಆಗಿತ್ತು. ‘ಹುಟ್ಟಿದ್ದು ಇಷ್ಟು, ಉಳಿದಿದ್ದು ಇಷ್ಟು’ ಅನ್ನುವ ಲೆಕ್ಕ ನಮ್ಮ ಮಂಡ್ಯ, ಮೈಸೂರು ಸೀಮೆಯ ಹಿರಿಯ ಹೆಂಗಸರ ಬಾಯಲ್ಲಿ ಇವತ್ತಿಗೂ ಇದೆ. ನಿಮ್ಮತ್ತೆಯನ್ನೂ ಒಮ್ಮೆ ಕೇಳಿ ನೋಡಿ. ವಾದ ಮಾಡುವುದಕ್ಕೆ ಅಂತ ಕೇಳಬೇಡಿ, ಸುಮ್ನೆ ಪಕ್ಕದಲ್ಲಿ ಕೂತು ಕೇಳಿ.

ಹುಟ್ಟಿದ ವಾರದಲ್ಲೇ ಮೈ ಸೆಟೆದುಕೊಂಡು ಹೋದ ಮಗು ಅಂದರೆ ಅದು ಬಹುಶಃ ಧನುರ್ವಾಯು. ಸಹಜ ಶಕ್ತಿಯ ಬಗ್ಗೆ ಮಾತಾಡುವವರು ಈ ಒಂದು ರೋಗವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಧನುರ್ವಾಯು ಬಂದು ಬದುಕುಳಿದವರಿಗೆ ಅದರ ವಿರುದ್ಧ ಶಕ್ತಿ ಬರುವುದೇ ಇಲ್ಲ! ಆ ರೋಗಾಣು ಬಿಡುವ ವಿಷ ಎಷ್ಟು ತೀಕ್ಷ್ಣ ಅಂದರೆ, ಮೈ ಗುರುತು ಹಿಡಿಯಲು ಸಾಕಾಗದಷ್ಟು ಸಣ್ಣ ಪ್ರಮಾಣವೇ ಮನುಷ್ಯನನ್ನು ಕೊಲ್ಲಬಲ್ಲದು. ಗುಣವಾದವರಿಗೂ ಲಸಿಕೆ ಹಾಕಿಯೇ ಕಳಿಸಬೇಕು. ಇನ್ನು ಆ ರೋಗಾಣು ಎಲ್ಲಿರುತ್ತದೆ? ಮಣ್ಣಿನಲ್ಲಿ, ಸಗಣಿಯಲ್ಲಿ. ನಮ್ಮ ಯಾವುದೇ ಕೊಟ್ಟಿಗೆಯಲ್ಲಿ ಇರಬಹುದು. 2015ರಲ್ಲಿ ಭಾರತ ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯುವನ್ನು ನಿವಾರಿಸಿದ ದೇಶ ಅನಿಸಿಕೊಂಡಿತು. ಬಸುರಿಯರಿಗೆ ಹಾಕುವ ಲಸಿಕೆ, ಆಸ್ಪತ್ರೆ ಹೆರಿಗೆ, ಶುದ್ಧ ಬ್ಲೇಡಿನಲ್ಲಿ ಹೊಕ್ಕುಳಬಳ್ಳಿ ಕತ್ತರಿಸುವುದು, ಇವುಗಳಿಂದ ಆದ ಕೆಲಸ ಅದು. ಮಣ್ಣೇನೂ ಬದಲಾಗಿಲ್ಲ.

ಹಾಗಂತ ಮಣ್ಣಲ್ಲಿ ಆಡುವುದು ಕೆಟ್ಟದ್ದು ಅಂತ ನಾನು ಹೇಳಲಾರೆ. ಯಜಮಾನರ ಮಾತಿನಲ್ಲಿ ಒಂದು ಪಾಲು ನಿಜ ಇದೆ. ದನಕರುಗಳ ಜೊತೆ, ಕೊಟ್ಟಿಗೆಯ ಹತ್ತಿರ ಬೆಳೆಯುವ ಮಕ್ಕಳಲ್ಲಿ ಆಸ್ತಮಾ, ಅಲರ್ಜಿ ಕಡಿಮೆ ಅಂತ ಯುರೋಪಿನ ಹಳ್ಳಿಗಳಲ್ಲಿ ಮಾಡಿದ ಅಧ್ಯಯನಗಳು ತೋರಿಸಿವೆ. ಊರಿಗೆ ಹೋದಾಗ ಮಗನನ್ನು ಕರು ಮುಟ್ಟಲು ಬಿಡಿ, ಮಣ್ಣಲ್ಲಿ ಆಡಲು ಬಿಡಿ. ಬಗೆಬಗೆಯ ಸಾಧು ಸೂಕ್ಷ್ಮಜೀವಿಗಳ ಒಡನಾಟದಿಂದ ಮೈಗೆ ಸುಮ್ಮಸುಮ್ಮನೆ ರೇಗಬಾರದು ಅನ್ನುವುದು ರೂಢಿಯಾಗುತ್ತದೆ. ಆದರೆ ಆ ಒಡನಾಟ ದಡಾರದ ವೈರಸ್ಸನ್ನಾಗಲಿ ಗಂಟಲುಮಾರಿಯನ್ನಾಗಲಿ ಗುರುತಿಸುವುದನ್ನು ಕಲಿಸುವುದಿಲ್ಲ. ಅವನು ಕೊಟ್ಟಿಗೆಯಲ್ಲೂ ಆಡಲಿ, ಧನುರ್ವಾಯುವಿನ ಲಸಿಕೆಯೂ ಆಗಿರಲಿ.

ಎಲ್ಲ ಕಾಯಿಲೆಯೂ ಒಂದೇ ತರಹ ಶಕ್ತಿ ಕೊಟ್ಟು ಹೋಗುವುದಿಲ್ಲ. ಪೆಂಟಾದಲ್ಲಿ ಬರುವ ಹಿಬ್ ಅನ್ನೋದು ಮಕ್ಕಳ ಮಿದುಳು ಪೊರೆಗೆ, ಶ್ವಾಸಕೋಶಕ್ಕೆ ಹೋಗಿ ಕೂರುವ ಬ್ಯಾಕ್ಟೀರಿಯಾ. ಎರಡು ವರ್ಷದೊಳಗಿನ ಮಗುವಿಗೆ ಇದು ತಗುಲಿ ಗುಣವಾದರೂ ನಂಬಬಹುದಾದಂಥ ಶಕ್ತಿ ಬರುವುದಿಲ್ಲ. ಆ ಬ್ಯಾಕ್ಟೀರಿಯಾದ ಮೇಲೆ ಒಂದು ಸಕ್ಕರೆಯ ಹೊದಿಕೆ ಇರುತ್ತದೆ, ಎಳೆ ಮಕ್ಕಳ ಮೈಗೆ ಅದರ ಗುರುತು ಸಿಗುವುದಿಲ್ಲ. ಲಸಿಕೆಯಲ್ಲಿ ಆ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಅಂಟಿಸಿ ಕೊಡುತ್ತಾರೆ, ಆಗ ಮಗು ಕಲಿಯುತ್ತದೆ. ಇಲ್ಲಿ ಲಸಿಕೆ ಕಾಯಿಲೆಗಿಂತ ಒಳ್ಳೆಯ ಮೇಷ್ಟ್ರು.

ಹೆಪಟೈಟಿಸ್ ಬಿ ಇನ್ನೊಂದು ತರಹ. ದೊಡ್ಡವರಿಗೆ ಈ ಸೋಂಕು ಬಂದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನ ಅದನ್ನು ಮೈಯಿಂದ ಹೊರಗೆ ಹಾಕುತ್ತಾರೆ. ಹುಟ್ಟುವಾಗಲೇ ತಾಯಿಯಿಂದ ತಗುಲಿದರೆ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಅದು ಲಿವರಿನಲ್ಲೇ ಉಳಿದುಬಿಡುತ್ತದೆ, ಮುಂದೆ ಸಿರೋಸಿಸ್, ಕ್ಯಾನ್ಸರ್ ತನಕ ಹೋಗಬಹುದು. ಅದೇ ರೋಗಾಣು, ಅದೇ ಸಹಜ ಶಕ್ತಿ, ವಯಸ್ಸು ಮಾತ್ರ ಬೇರೆ. ಹುಟ್ಟಿದ 24 ಗಂಟೆಯೊಳಗೆ ಆ ಲಸಿಕೆ ಕೊಡುವುದು ಇದಕ್ಕೇ. ನಿಮ್ಮ ಮಗನಿಗೆ ಅದು ಆಗಿದೆ ಅಂತ ತಾಯಿ ಕಾರ್ಡಿನಲ್ಲಿ ಒಮ್ಮೆ ನೋಡಿಕೊಳ್ಳಿ.

ನಾಯಿಕೆಮ್ಮಿನ ಬಗ್ಗೆ ಕಣ್ಣಾರೆ ಕಂಡಿದ್ದನ್ನೇ ಹೇಳುತ್ತೇನೆ. ನಾನು ಓದುತ್ತಿದ್ದಾಗ ವಾರ್ಡಿನಲ್ಲಿ ಎರಡು ತಿಂಗಳ ಒಂದು ಹೆಣ್ಣು ಮಗು ಇತ್ತು. ಕೆಮ್ಮು ಶುರುವಾದರೆ ನಡುವೆ ಉಸಿರು ಎಳೆದುಕೊಳ್ಳಲು ಬಿಡುವೇ ಸಿಗುತ್ತಿರಲಿಲ್ಲ. ಮೊದಲು ಮುಖ ಕೆಂಪಾಗುತ್ತಿತ್ತು, ಆಮೇಲೆ ತುಟಿಯ ಸುತ್ತ ನೀಲಿ. ತಾಯಿ ಸೆರಗಿನ ತುದಿಯಿಂದ ಬಾಯಿ ಒರೆಸುತ್ತಾ, ಮಗುವಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿರುತ್ತಿದ್ದರು, ಮುಂದಿನ ಉಸಿರು ಬರುವವರೆಗೂ. ಹಗಲೂ ರಾತ್ರಿ ಅದೇ. ಆ ಮಗು ಉಳಿಯಿತು. ಆದರೆ ನಾಯಿಕೆಮ್ಮಿನಿಂದ ಸಾಯುವ ಮಕ್ಕಳಲ್ಲಿ ಬಹುಪಾಲು ಒಂದು ವರ್ಷದೊಳಗಿನವು, ಅದರಲ್ಲೂ ಮೊದಲ ಕೆಲವು ತಿಂಗಳಿನವು. ಅಷ್ಟೆಲ್ಲ ಪಟ್ಟಮೇಲೂ ಆ ಕಾಯಿಲೆ ಕೊಡುವ ಶಕ್ತಿ ಜೀವನಪೂರ್ತಿ ಇರುವುದಿಲ್ಲ, ವರ್ಷ ಕಳೆದ ಹಾಗೆ ಕುಂದುತ್ತದೆ.

‘ಎರಡು ವರ್ಷದವರೆಗೆ ಕಾದರೆ?’ ಅನ್ನುವುದಕ್ಕೆ ನನ್ನ ಉತ್ತರ ಇದರಲ್ಲೇ ಇದೆ. ನಾಯಿಕೆಮ್ಮು, ಹಿಬ್, ರೋಟಾ ವೈರಸ್ಸಿನ ವಾಂತಿಭೇದಿ, ಇವೆಲ್ಲ ಜೋರಾಗಿ ಹೊಡೆಯುವುದು ಮೊದಲ ಎರಡು ವರ್ಷದಲ್ಲೇ. ಆ ಎರಡು ವರ್ಷ ಬಿಟ್ಟು ಆಮೇಲೆ ಲಸಿಕೆ ಅಂದರೆ ಮಳೆಗಾಲ ಮುಗಿದ ಮೇಲೆ ಮನೆಗೆ ಹೆಂಚು ಹೊದಿಸಿದ ಹಾಗೆ.

ಪಕ್ಕದ ಮನೆಯ ಅಮ್ಮನ ವಿಷಯ. ಅದು ಸೀತಾಳೆ ಸಿಡುಬು ಇರಬೇಕು. ಇದೊಂದರಲ್ಲಿ ಹಿರಿಯರ ಮಾತು ಹೆಚ್ಚುಕಡಿಮೆ ಸರಿ. ಒಮ್ಮೆ ಬಂದು ಹೋದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ಆರೋಗ್ಯವಾಗಿರುವ ಮಕ್ಕಳು ಬಹುತೇಕ ಚೇತರಿಸಿಕೊಳ್ಳುತ್ತಾರೆ. ಆದರೆ ಆ ವೈರಸ್ ಮೈ ಬಿಟ್ಟು ಹೋಗುವುದಿಲ್ಲ, ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದ ಮೇಲೆ ಸೊಂಟದಲ್ಲೋ ಎದೆಯಲ್ಲೋ ಉರಿಯುವ ಗುಳ್ಳೆಗಳಾಗಿ ಏಳುತ್ತದಲ್ಲ, ಸರ್ಪಸುತ್ತು ಅಂತೀವಲ್ಲ, ಅದು ಇದೇ ವೈರಸ್. ಸೀತಾಳೆ ಸಿಡುಬಿನ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ. ಒಂದು ವರ್ಷ ತುಂಬಿದ ಮೇಲೆ ಖಾಸಗಿಯಾಗಿ ಹಾಕಿಸಬಹುದು. ಈಗ ಸದ್ಯಕ್ಕೆ ಮಗನನ್ನು ಆ ಮನೆಗೆ ಕಳಿಸಬೇಡಿ. ಮೂರು ವಾರದೊಳಗೆ ನೀರುಗುಳ್ಳೆ ಕಂಡರೆ ತೋರಿಸಿ, ಆಸ್ಪಿರಿನ್ ಮಾತ್ರ ಕೊಡಲೇಬೇಡಿ. ಬೇವಿನ ಸೊಪ್ಪು ಬಾಗಿಲಿಗೆ ಸಿಕ್ಕಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ‘ಪಕ್ಕದಲ್ಲಿ ಅಮ್ಮ ಇರುವಾಗ ಸೂಜಿ ಹಾಕಿಸಬಾರದು’ ಅಂತ ಯಾರಾದರೂ ಅಂದರೆ ಅದು ಸರಿಯಲ್ಲ. ಮಗು ಚೆನ್ನಾಗಿದ್ದರೆ ಅವನ ಲಸಿಕೆ ನಿಲ್ಲಿಸಬೇಕಾಗಿಲ್ಲ.

ದಡಾರ ಮಾತ್ರ ಹಾಗಲ್ಲ. ಇದನ್ನೂ ಅಮ್ಮ ಅಂತಲೇ ಕರೆಯುವ ಊರುಗಳಿವೆ, ಅದಕ್ಕೇ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಯಾವ ರಕ್ಷಣೆಯೂ ಇಲ್ಲದ ಜನರ ನಡುವೆ ಒಂದು ದಡಾರದ ಮಗು 12ರಿಂದ 18 ಜನಕ್ಕೆ ಅಂಟಿಸುತ್ತದೆ. ಆ ಮಗು ಎದ್ದು ಹೋದ ಮೇಲೂ ಎರಡು ಗಂಟೆವರೆಗೆ ಆ ಕೋಣೆಯ ಗಾಳಿಯಲ್ಲಿ ವೈರಸ್ ಇರಬಹುದು. ನ್ಯುಮೋನಿಯಾ, ಭೇದಿ, ಕಿವಿ ಸೋರುವುದು, ವಿಟಮಿನ್ ಎ ಕಡಿಮೆ ಇರುವ ಮಕ್ಕಳಲ್ಲಿ ಕಣ್ಣು ಹೋಗುವುದು, ಇವೆಲ್ಲ ಇದರ ಹಿಂದೆ ಬರುವವು.

ದಡಾರದ ಬಗ್ಗೆ ಇನ್ನೂ ಒಂದು ವಿಷಯ ಇತ್ತೀಚೆಗೆ ಖಚಿತವಾಗಿದೆ. ಅದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಬೇರೆ ಬೇರೆ ರೋಗಾಣುಗಳನ್ನು ಎದುರಿಸಿ ಮಗುವಿನ ಮೈ ಅಲ್ಲಿಯವರೆಗೆ ಕಲಿತಿದ್ದ ನೆನಪನ್ನು ದಡಾರ ಅಳಿಸಿಹಾಕುತ್ತದೆ. ಲಸಿಕೆ ಹಾಕಿಸದ ಮಕ್ಕಳ ರಕ್ತವನ್ನು ದಡಾರ ಬರುವ ಮೊದಲೂ ಬಂದು ಹೋದ ಮೇಲೂ ಪರೀಕ್ಷಿಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹಳೆಯ ರೋಗಗಳ ವಿರುದ್ಧ ಇದ್ದ ಆಂಟಿಬಾಡಿಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ಇಲ್ಲವಾಗಿದ್ದವು. ನಮ್ಮಜ್ಜಿಯರು ‘ದಡಾರ ಇಳಿದ ಮೇಲೆ ಮಗು ಹುಷಾರು, ಮೂರು ತಿಂಗಳು ಕಾಯಬೇಕು’ ಅನ್ನುತ್ತಿದ್ದರು. ದಡಾರ ಇಳಿದ ಮೇಲೆ ಭೇದಿಗೆ, ಕೆಮ್ಮಿಗೆ ಮಕ್ಕಳು ಹೋಗುವುದನ್ನು ಅವರು ಕಂಡಿದ್ದರು. ಕಾಯಿಲೆ ಬಂದು ಹೋದರೆ ಮೈ ಗಟ್ಟಿಯಾಗುತ್ತದೆ ಅನ್ನುವ ಮಾತು ದಡಾರದ ಮಟ್ಟಿಗೆ ಪೂರ್ತಿ ತಲೆಕೆಳಗು. ಬಲ ಕುಂದಿಸಿದ ಲಸಿಕೆಯ ವೈರಸ್ ಈ ನೆನಪನ್ನು ಅಳಿಸುವುದಿಲ್ಲ.

ಎದೆಹಾಲಿನ ಬಗ್ಗೆ ಕೇಳಿದ್ದೀರಿ. ದಯವಿಟ್ಟು ಮುಂದುವರಿಸಿ, ಎರಡು ವರ್ಷ ದಾಟಿದರೂ ಕೊಡಿ. ಹಾಲಿನಲ್ಲಿರುವ ಆಂಟಿಬಾಡಿ ಮಗುವಿನ ಗಂಟಲು, ಕರುಳಿನ ಒಳಮೈಗೆ ಲೇಪದ ಹಾಗೆ ನಿಂತು ಕಾಯುತ್ತದೆ. ಭೇದಿ, ಕೆಮ್ಮು ನಿಜವಾಗಿ ಕಡಿಮೆಯಾಗುತ್ತವೆ. ಆದರೆ ಅದು ನೀವು ಕೊಟ್ಟ ಸಾಲ, ಮಗು ತಾನೇ ದುಡಿದದ್ದಲ್ಲ. ಹೊಟ್ಟೆಯಲ್ಲಿದ್ದಾಗ ನಿಮ್ಮ ರಕ್ತದಿಂದ ಅವನಿಗೆ ಹೋದ ದಡಾರದ ಆಂಟಿಬಾಡಿಯೂ ಅಷ್ಟೇ, ಆರರಿಂದ ಒಂಬತ್ತು ತಿಂಗಳಷ್ಟರಲ್ಲಿ ಕರಗುತ್ತದೆ. ತುಂಬಾ ಮೊದಲೇ ಲಸಿಕೆ ಕೊಟ್ಟರೆ ತಾಯಿಯ ಆಂಟಿಬಾಡಿಯೇ ಅದನ್ನು ತಡೆಯುತ್ತದೆ, ತಡ ಮಾಡಿದರೆ ಮಗು ಬರಿಗೈಯಲ್ಲಿರುತ್ತದೆ. 9 ತಿಂಗಳು ಅನ್ನುವ ಲೆಕ್ಕ ಬಂದಿದ್ದು ಹೀಗೆ. ನಿಮ್ಮ ಮಗ ಈಗ ಸರಿಯಾಗಿ ಆ ಹೊಸ್ತಿಲಲ್ಲಿ ನಿಂತಿದ್ದಾನೆ.

ರಾಗಿ ಸರಿ, ಸೊಪ್ಪು, ಬೇಳೆಕಟ್ಟು, ಮೊಟ್ಟೆ ಎಲ್ಲ ಬೇಕು. ಹೊಟ್ಟೆ ತುಂಬಿದ ಮಗು ಕಾಯಿಲೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಲಸಿಕೆಗೂ ಚೆನ್ನಾಗಿ ಸ್ಪಂದಿಸುತ್ತದೆ. ಆದರೆ ಯಾವ ಊಟವೂ ಪೋಲಿಯೋ ವೈರಸ್ಸನ್ನು ಗುರುತಿಸುವುದನ್ನು ಕಲಿಸದು. ಪುಷ್ಯ ನಕ್ಷತ್ರದ ದಿನ ಸ್ವರ್ಣಪ್ರಾಶನ ಹಾಕಿಸುವ ರೂಢಿ ಮೈಸೂರಿನಲ್ಲಿ ಬಹಳ ಮನೆಗಳಲ್ಲಿದೆ. ನೀವು ಕೇಳದಿದ್ದರೂ ಹೇಳುತ್ತೇನೆ: ಅದು ಲಸಿಕೆಯ ಬದಲಿ ಅಲ್ಲ. ಅದರಲ್ಲಿ ಜೇನುತುಪ್ಪ ಇರುತ್ತದೆ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬಾರದು, ಅದರಲ್ಲಿ ಇರಬಹುದಾದ ಬಾಟುಲಿಸಂ ರೋಗಾಣು ಎಳೆಯ ಕರುಳಿನಲ್ಲಿ ಮೊಳೆತು ವಿಷ ಬಿಡಬಲ್ಲದು.

ಮೈಸೂರಿನಲ್ಲಿ ಇದ್ದೀರಿ ಅಂದಮೇಲೆ ನಿಮ್ಮೂರಿನದೇ ಒಂದು ಕಥೆ ಹೇಳಬೇಕು. ಸುಮಾರು 1805ರಲ್ಲಿ ಥಾಮಸ್ ಹಿಕಿ ಅನ್ನುವ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಂಗಸರ ದೊಡ್ಡ ಚಿತ್ರ ಬರೆದ. ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದ ಕಾಲ. ಬಲಗಡೆ ಇರುವ ಕಿರಿಯ ರಾಣಿ ಸೀರೆ ಸರಿಸಿ ತನ್ನ ತೋಳನ್ನು ಬೆರಳಿನಿಂದ ತೋರಿಸುತ್ತಿದ್ದಾಳೆ. ಇದು ಸಿಡುಬಿನ ಹೊಸ ಲಸಿಕೆ ಹಾಕಿಸಿಕೊಂಡ ಜಾಗ, ಜನರಿಗೆ ಧೈರ್ಯ ಬರಲಿ ಅಂತ ಬರೆಸಿದ ಚಿತ್ರ ಅಂತ ಇತಿಹಾಸಕಾರ ನೈಜಲ್ ಚಾನ್ಸೆಲರ್ ಹೇಳುತ್ತಾರೆ. ಎಡಗಡೆಯ ರಾಣಿಯ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿದೆ. ಅದು ಹಳೆಯ ಪದ್ಧತಿಯ ಗುರುತು ಅಂತ ಅವರ ವಿವರಣೆ. ಹಳೆಯ ಪದ್ಧತಿ ಅಂದರೆ ಸಿಡುಬು ಎದ್ದವರ ಗುಳ್ಳೆಯ ಪುಡಿ ಅಥವಾ ಕೀವನ್ನು ಆರೋಗ್ಯವಂತರಿಗೆ ಕೊಟ್ಟು, ಬೇಕಂತಲೇ ಸಣ್ಣದಾಗಿ ಸಿಡುಬು ಬರಿಸುವುದು. ತಾನಾಗಿ ಬಂದ ಸಿಡುಬಿನಲ್ಲಿ ಹತ್ತರಲ್ಲಿ ಮೂವರು ಸಾಯುತ್ತಿದ್ದರು. ಬರಿಸಿಕೊಂಡ ಸಿಡುಬಿನಲ್ಲಿ ನೂರಕ್ಕೆ ಒಬ್ಬಿಬ್ಬರು. ನಮ್ಮ ಹಿರಿಯರು ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಆಮೇಲೆ ಹಸುವಿನ ಸಿಡುಬಿನ ಲಸಿಕೆ ಬಂತು. ಭಾರತದಲ್ಲಿ ಮೊದಲು ಅದನ್ನು ಹಾಕಿದ್ದು 1802ರಲ್ಲಿ, ಮುಂಬೈಯ ಒಂದು ಪುಟ್ಟ ಮಗುವಿಗೆ. ಮೂರೇ ವರ್ಷದಲ್ಲಿ ನಮ್ಮ ಅರಮನೆಯ ಹುಡುಗಿ ತೋಳು ತೋರಿಸಿ ನಿಂತಿದ್ದಳು. 1980ರಲ್ಲಿ ಸಿಡುಬು ಇಡೀ ಲೋಕದಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆ ಚಿತ್ರ ನೆನಪಾದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

‘ಎಲ್ಲರೂ ಹಾಕಿಸುತ್ತಾರಲ್ಲ, ನಮ್ಮವನೊಬ್ಬ ಬಿಟ್ಟರೆ ಏನು?’ ಅಂತ ನೀವು ಕೇಳಿಲ್ಲ, ಆದರೆ ಬಹಳ ಜನ ಕೇಳುತ್ತಾರೆ. ದಡಾರ ಹರಡದ ಹಾಗೆ ನಿಲ್ಲಬೇಕಾದರೆ ನೂರರಲ್ಲಿ 95 ಮಕ್ಕಳಿಗೆ ರಕ್ಷಣೆ ಇರಬೇಕು. ಉಳಿದ ಐದು ಜಾಗ ಕ್ಯಾನ್ಸರಿಗೆ ಔಷಧಿ ತಗೊಳ್ಳುತ್ತಿರುವ ಮಗುವಿಗೆ, ಇನ್ನೂ 9 ತಿಂಗಳು ತುಂಬದ ಕೂಸಿಗೆ ಬೇಕು. ಗಟ್ಟಿಮುಟ್ಟಾದ ಮಗು ಆ ಜಾಗದಲ್ಲಿ ಕೂತರೆ ಅವರಿಗೆ ಉಳಿಯುವುದಿಲ್ಲ.

ಊರಿಗೆ ಹೋಗಿ ಬರುತ್ತಿರುತ್ತೀರಿ ಅಂದುಕೊಂಡಿದ್ದೇನೆ. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಒಂದು ಜಾತಿಯ ಸೊಳ್ಳೆ ಜಪಾನೀಸ್ ಎನ್ಸೆಫಲೈಟಿಸ್ ಅನ್ನುವ ಮಿದುಳು ಜ್ವರ ಹರಡುತ್ತದೆ. ಮಂಡ್ಯದ ನೀರಾವರಿ ಬಯಲಿಗೆ ಇದು ಹೊಸದಲ್ಲ. ಕೊಕ್ಕರೆಯಂಥ ನೀರುಹಕ್ಕಿ, ಹಂದಿಗಳಲ್ಲಿ ವೈರಸ್ ಬೆಳೆದು ಸೊಳ್ಳೆಯಿಂದ ಮನುಷ್ಯರಿಗೆ ಬರುತ್ತದೆ. ಸೋಂಕು ತಗುಲಿದ 250 ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಜೋರಾಗುತ್ತದೆ, ಉಳಿದವರಿಗೆ ಗೊತ್ತೇ ಆಗದೆ ಸಹಜ ಶಕ್ತಿ ಬರುತ್ತದೆ. ಆದರೆ ಆ ಒಬ್ಬ ಯಾರು ಅಂತ ಮೊದಲೇ ಹೇಳುವ ದಾರಿ ಇಲ್ಲ. ಜೋರಾದ ಹತ್ತು ಜನರಲ್ಲಿ ಮೂವರವರೆಗೆ ಸಾಯುತ್ತಾರೆ, ಬದುಕಿದವರಲ್ಲೂ ಹಲವರಿಗೆ ಫಿಟ್ಸ್, ಬುದ್ಧಿಮಾಂದ್ಯ ಉಳಿಯುತ್ತದೆ, ಗುಣಪಡಿಸುವ ಔಷಧಿಯಂತೂ ಇಲ್ಲ. ಈ ರೋಗ ಕಾಣುವ ಜಿಲ್ಲೆಗಳಲ್ಲಿ 9 ತಿಂಗಳಿಗೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಲಸಿಕೆಯನ್ನು ಸರ್ಕಾರವೇ ಕೊಡುತ್ತದೆ. ಊರಿನ ಆಶಾ ಕಾರ್ಯಕರ್ತೆಯನ್ನು ಇದರ ಬಗ್ಗೆ ಮರೆಯದೆ ಕೇಳಿ.

ಲಸಿಕೆಯಿಂದ ತೊಂದರೆಯೇ ಇಲ್ಲ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ತೀವ್ರ ಅಲರ್ಜಿ ಸುಮಾರು ಹತ್ತು ಲಕ್ಷ ಡೋಸಿಗೆ ಒಂದರಂತೆ ಆಗಬಹುದು. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು ಅದಕ್ಕೇ, ಆ ಅರ್ಧ ಗಂಟೆ ಕೂತೇ ಬನ್ನಿ. ಪೋಲಿಯೋ ಹನಿಯಿಂದಲೇ ಕಾಲು ಸೋಲುವುದು ಅಂತ ಒಂದಿದೆ, ಲಕ್ಷಾಂತರ ಮಕ್ಕಳಲ್ಲಿ ಒಂದಕ್ಕೆ. ಅದನ್ನೂ ಕಡಿಮೆ ಮಾಡಲು ಸರ್ಕಾರ 2015ರ ಕೊನೆಯಿಂದ ಪೋಲಿಯೋ ಚುಚ್ಚುಮದ್ದನ್ನೂ ಸೇರಿಸಿತು. ಭಾರತದಲ್ಲಿ ಕೊನೆಯ ಸಹಜ ಪೋಲಿಯೋ ಕಂಡಿದ್ದು 2011ರ ಜನವರಿಯಲ್ಲಿ. ಆಟಿಸಂ ಬರುತ್ತದೆ ಅನ್ನುವ ವಾಟ್ಸ್ಆ್ಯಪ್ ಮಾತಿನ ಮೂಲ 1998ರ ಒಂದು ಲೇಖನ. ಅದರಲ್ಲಿದ್ದದ್ದು 12 ಮಕ್ಕಳು. ಮೋಸ ಬಯಲಾಗಿ 2010ರಲ್ಲಿ ಆ ಪತ್ರಿಕೆಯೇ ಲೇಖನ ವಾಪಸ್ ತಗೊಂಡಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು, ಸಂಬಂಧ ಸಿಗಲಿಲ್ಲ. 2017ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ದಡಾರ ರುಬೆಲ್ಲಾ ಅಭಿಯಾನ ನಡೆದಾಗಲೂ ಇಂಥ ಮೆಸೇಜುಗಳನ್ನು ನೋಡಿ ಎಷ್ಟೋ ತಾಯಂದಿರು ಅವತ್ತು ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ.

ನಿಮ್ಮ ಮಗನಿಗೆ ಆಗಿದ್ದು ಮಾಮೂಲಿ ಜ್ವರ, ಊತ, ಬಿಟ್ಟು ಬಿಟ್ಟು ಅಳು. ಇದು ಮುಂದಿನ ಡೋಸ್ ನಿಲ್ಲಿಸುವ ಕಾರಣವಲ್ಲ. ಫಿಟ್ಸ್ ಬಂದಿದ್ದರೆ, ಮೈ ಬಿಟ್ಟು ಜೋತು ಬಿದ್ದಿದ್ದರೆ, ಕಿರುಚಿದ ಹಾಗೆ ಮೂರು ಗಂಟೆಗೂ ಜಾಸ್ತಿ ಬಿಡದೆ ಅತ್ತಿದ್ದರೆ, ಮುಖ ಊದಿ ಉಸಿರು ಕಟ್ಟಿದ್ದರೆ, ಇವುಗಳಲ್ಲಿ ಒಂದಾದರೂ ಆಗಿದ್ದರೆ ಹಾಕಿಸುವ ಮೊದಲು ಡಾಕ್ಟರಿಗೆ ಹೇಳಿ. ಸ್ವಲ್ಪ ನೆಗಡಿ ಇದೆ, ಹಲ್ಲು ಬರುತ್ತಿದೆ, ಭೇದಿ ಆಗಿತ್ತು ಅಂತ ಮುಂದೂಡಬೇಡಿ.

ಈಗ ಮಾಡಬೇಕಾದ್ದು ಇಷ್ಟೇ. 9 ತಿಂಗಳು ತುಂಬಲಿ ಅಂತ ಕಾಯಬೇಡಿ. ಈ ವಾರವೇ ತಾಯಿ ಕಾರ್ಡ್ ಹಿಡಿದು ಹೋಗಿ. ಬಹಳ ಕಡೆ ಗುರುವಾರ ಲಸಿಕೆ ದಿನ. ನಿಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ, ಇಲ್ಲಾಂದ್ರೆ ಚೆಲುವಾಂಬ ಆಸ್ಪತ್ರೆಯಲ್ಲಿ ವಿಚಾರಿಸಿ. ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ಹಾಕಿದ ಡೋಸ್ ವ್ಯರ್ಥವಾಗಿಲ್ಲ. ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಾರೆ. ಪೆಂಟಾದ ಎರಡನೆಯದು ಈಗ, ಮೂರನೆಯದು ಕಡಿಮೆಯೆಂದರೆ ನಾಲ್ಕು ವಾರ ಬಿಟ್ಟು. ಪೋಲಿಯೋ ಹನಿ, ರೋಟಾ, ನ್ಯುಮೋನಿಯಾದ ಲಸಿಕೆ ಯಾವುದು ಬಾಕಿ ಅಂತ ಕಾರ್ಡ್ ನೋಡಿ ಅವರೇ ಹೇಳುತ್ತಾರೆ. 9 ತಿಂಗಳು ತುಂಬಿದ ಕೂಡಲೇ ದಡಾರ ರುಬೆಲ್ಲಾ, ಜೊತೆಗೆ ವಿಟಮಿನ್ ಎ. ಒಂದೇ ದಿನ ಎರಡು ಮೂರು ಸೂಜಿ ಬೀಳಬಹುದು, ಅದರಿಂದ ತೊಂದರೆಯಿಲ್ಲ.

ನಿಮ್ಮತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಪೆಂಟಾ ಬಾಟಲಿಯನ್ನು ತೋರಿಸಿ ಅಂತ ನರ್ಸಮ್ಮನನ್ನು ಕೇಳಿ, ಬೇಸರ ಮಾಡಿಕೊಳ್ಳುವುದಿಲ್ಲ. ಲೇಬಲ್ಲಿನ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಗೆ ಸಿಕ್ಕಿ ಹಾಳಾಗಿಲ್ಲ ಅಂತ ಅರ್ಥ. ಎರಡೂ ಒಂದೇ ಬಣ್ಣವಾಗಿದ್ದರೆ, ಚೌಕವೇ ಕಪ್ಪಾಗಿದ್ದರೆ ಆ ಬಾಟಲಿ ಹಾಕುವಂತಿಲ್ಲ. ಸಿರಿಂಜ್ ಕೂಡ ಒಮ್ಮೆ ಒತ್ತಿದ ಮೇಲೆ ಲಾಕ್ ಆಗಿ ಇನ್ನೊಬ್ಬರಿಗೆ ಬಳಸಲು ಬಾರದಂಥದ್ದು. ಇದನ್ನೆಲ್ಲ ಕಣ್ಣಾರೆ ನೋಡಿದ ಮೇಲೆ ಅತ್ತೆಯವರ ಅರ್ಧ ಭಯ ಕಡಿಮೆಯಾಗಬಹುದು.

ಸೂಜಿ ಹಾಕುವಾಗ ಮಗ ಅತ್ತೆಯ ಮಡಿಲಲ್ಲೇ ಇರಲಿ. ಆದ ತಕ್ಷಣ ನೀವು ಹಾಲು ಕೊಡಿ, ಅಳು ಬೇಗ ನಿಲ್ಲುತ್ತದೆ. ಜ್ವರದ ಪ್ಯಾರಾಸಿಟಮಾಲ್ ಹನಿ ಅವನ ತೂಕಕ್ಕೆ ಎಷ್ಟು ಅಂತ ಅಲ್ಲೇ ಬರೆಸಿಕೊಂಡು ಬನ್ನಿ. ಸೂಜಿ ಹಾಕಿದ ಜಾಗ ಉಜ್ಜಬೇಡಿ, ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ, ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟರೆ ಸಾಕು. ರಾತ್ರಿ ಮೈ ಬೆಚ್ಚಗಾದರೆ ಕಂಬಳಿ ಸುತ್ತಬೇಡಿ. ತೆಳುವಾದ ಹತ್ತಿ ಅಂಗಿ ಹಾಕಿ, ಕೇಳಿದಾಗಲೆಲ್ಲ ಹಾಲು ಕೊಡುತ್ತಿರಿ. ಜ್ವರ ಎರಡು ದಿನ ಮೀರಿದರೆ ನಿಮ್ಮ ಡಾಕ್ಟರಿಗೆ ತೋರಿಸಿ.